ಮುಳ್ಳು ಹೊಡೆಯುವುದು

ಪ್ಲಾಸ್ಟಿಕ್ ತಟ್ಟೆಯ ಮೇಲೆ ಒಂದು ಹನಿ ಬಿಟ್ಟೆ.
ಕೆಸುವಿನೆಲೆಗೆ ಬಿದ್ದಂತೆ ಗುಂಡಗೆ ನಿಂತಿತು,
ಚಪ್ಪಲಿ ಬಿಡದೆ ಹೊಸ್ತಿಲಲ್ಲೇ
ಮಾತು ಮುಗಿಸುವ ನೆಂಟರ ಹಾಗೆ.

ಇದರ ಮೇಲೆ ಚರ್ಮದ ಕೋಶ ಕೂರುವುದಿಲ್ಲ.
ಕೂರಲಾರದ್ದು ತೇಲುತ್ತದೆ, ತೇಲಿದ್ದು
ಒಂದಕ್ಕೊಂದು ಅಂಟಿ ಉಂಡೆಯಾಗಿ ಸಾಯುತ್ತದೆ.

ಅದಕ್ಕೇ ಈ ಡಬ್ಬಿ. ಬಾಗಿಲು ಬಿಗಿದು, ಗಾಳಿ ಹೀರಿ,
ಚೂರೇ ಚೂರು ಆಮ್ಲಜನಕ ಬಿಟ್ಟು ಗುಂಡಿ ಒತ್ತಿದರೆ
ಒಳಗೆ ಜಂಬುನೇರಳೆ ತಿಂದ ನಾಲಿಗೆಯ ಬಣ್ಣ.
ತೊಂಬತ್ತು ಸೆಕೆಂಡು. ಪಂಪಿನ ಗೊರಕೆ ಬಿಟ್ಟರೆ ಸದ್ದಿಲ್ಲ.
ಹೊರತೆಗೆದ ತಟ್ಟೆ ನೋಡಲು ಅದೇ.
ಹನಿ ಬಿಟ್ಟರೆ ಮಾತ್ರ
ಹರಡಿಕೊಂಡು ಮಲಗುತ್ತದೆ.

ಅವ್ವ ಮುನಿವೆಂಕಟಮ್ಮ ಶ್ರೀರಾಮಪುರದ ಗಲ್ಲಿಗಳಲ್ಲಿ
"ಒಳ್ಕಲ್ಲಿಗೆ ಮುಳ್ಳು ಹೊಡೀತೀವಮ್ಮೋ" ಅಂತ ಕೂಗುತ್ತಿದ್ದಳು.
ಕೈಯಲ್ಲಿ ಉಳಿ, ಸುತ್ತಿಗೆ; ಸೊಂಟದಲ್ಲಿ ನಾನು.
ಸವೆದು ಕನ್ನಡಿಯಾದ ಕಲ್ಲಿನಲ್ಲಿ
ಅಕ್ಕಿ ಜಾರುತ್ತದೆ, ನುರಿಯುವುದಿಲ್ಲ.
ಚುಕ್ಕಿ ಚುಕ್ಕಿ ಗಾಯ ಮಾಡುವಾಗ
ಕಿಡಿ ಹಾರದಂತೆ ನನ್ನ ಮುಖಕ್ಕೆ ಸೆರಗು ಮುಚ್ಚುತ್ತಿದ್ದಳು.
ಮೊದಲು ರುಬ್ಬಿದ್ದು ತಿನ್ನಬೇಡಿ, ತವುಡು ತಿರುವಿ ಚೆಲ್ಲಿ
ಎಂದು ಹೇಳಿಯೇ ದುಡ್ಡು ಎಣಿಸುತ್ತಿದ್ದಳು.

ಸೋಮವಾರ ನಿಖತ್ ಅಳುಮುಖ ಮಾಡಿಕೊಂಡು ಬಂದಳು.
ಸುಟ್ಟಗಾಯದ ವಾರ್ಡಿನ ಯಾರದೋ ತೊಡೆಯ ಕೋಶ,
"ಒಂದೂ ಹಿಡೀಲಿಲ್ಲ ಅಕ್ಕಾ."
ತಟ್ಟೆ ಯಾವತ್ತಿನದು ಅಂದೆ.
ಹೋದ ತಿಂಗಳದು, ಬೀರುವಿನಲ್ಲಿ ಭದ್ರವಾಗಿತ್ತು.

ಭದ್ರವಾಗಿದ್ದದ್ದೇ ತಪ್ಪು.
ಸುಮ್ಮನೆ ಬಿಟ್ಟರೆ ಪ್ಲಾಸ್ಟಿಕ್ಕು ಮೆಲ್ಲಗೆ
ಮೈಮೇಲಿನ ಹಂಬಲವನ್ನೆಲ್ಲ ಒಳಕ್ಕೆ ಮಗುಚಿಕೊಂಡು
ಹಳೆಯ ನಯಕ್ಕೆ ಮರಳುತ್ತದೆ.
ಪ್ರಬಂಧಗಳಲ್ಲಿ ಇದಕ್ಕೊಂದು ಉದ್ದದ ಹೆಸರಿದೆ.
ಅವ್ವ "ಕಲ್ಲು ಮರೀತು" ಅನ್ನುತ್ತಿದ್ದಳು,
ವರ್ಷಕ್ಕೊಮ್ಮೆ ಅದೇ ಬೀದಿ, ಅದೇ ಜಗಲಿ.
ಮಿಕ್ಸಿ ಬಂದ ಮೇಲೆ ಯಾರೂ ಕರೆಯಲಿಲ್ಲ.

ರಾತ್ರಿ ಎಂಟೂವರೆ. ಹೆಬ್ಬಾಳದಲ್ಲಿ ಕರೆಂಟು ಹೋಗಿ ಬಂತು.
ಇವತ್ತಿನದೇ ತಟ್ಟೆ; ಮೊದಲ ದ್ರವ ಚೆಲ್ಲಿಯೇ ಕೊಟ್ಟಿದ್ದೇನೆ.
ನಿಖತ್ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಉಸಿರು ಹಿಡಿದಿದ್ದಾಳೆ.
ಆ ತೊಡೆ ಯಾರದೆಂದು ನಮಗೆ ತಿಳಿಸುವುದಿಲ್ಲ, ಬರೀ ನಂಬರು.
ಆಮೇಲೆ ನನ್ನನ್ನೂ ಕರೆದಳು.
ಗುಂಡಗಿದ್ದ ಒಂದು ಕೋಶ ಒಂದು ಬದಿಗೆ ಚಪ್ಪಟೆಯಾಗಿ
ಕಾಲು ಚಾಚಿ ನೆಲ ಸವರುತ್ತಿದೆ.

"ಕೂತ್ಕೋ," ಅನ್ನುತ್ತಾಳೆ ಹುಡುಗಿ ಗಾಜಿಗೆ ಬಾಯಿ ಹತ್ತಿರ ತಂದು,
"ಕೂತ್ಕೊಳ್ಳಪ್ಪಾ."