ಅಂಚೆ ಕಚೇರಿಯ ಗಿಡ

ಅಂಚೆ ಕಚೇರಿ ಮುಚ್ಚಿದ ದಿನ
ತಕ್ಕಡಿಯನ್ನು ಅವರೇ ಒಯ್ದರು, ಮೊಹರುಗಳನ್ನೂ;
ಮೂಲೆಯ ಫೈಕಸ್ ಮಾತ್ರ ಯಾವ ಪಟ್ಟಿಯಲ್ಲೂ ಇರಲಿಲ್ಲ.
ಮೊಮ್ಮಗಳ ಜಾರುಬಂಡಿಗೆ ಕಟ್ಟಿ, ಮೇಲೊಂದು ಕಂಬಳಿ ಹೊದಿಸಿ
ಔಲು ಊರಿನ ಹಿಮದಲ್ಲಿ ಎಳೆದು ತಂದೆ.
ಹನ್ನೆರಡೇ ನಿಮಿಷ. ಸೊನ್ನೆಗಿಂತ ಹದಿನೆಂಟು ಕೆಳಗೆ.

ಮೂರನೆಯ ದಿನ ಶುರುವಾಯಿತು.
ರಾತ್ರಿ ಹಾಸಿಗೆಯಿಂದಲೇ ಕೇಳುತ್ತಿತ್ತು:
ಬಾಗಿಲ ಸೀಳಿನಿಂದ ಕಾರ್ಡು ಬಿದ್ದ ಹಾಗೆ
ಒಂದು. ಆಮೇಲೆ ಇನ್ನೊಂದು.
ಬೆಳಗ್ಗೆ ಬಾಗಿ ಆಯ್ದೆ, ಅಭ್ಯಾಸಬಲ,
ಹಸಿರು ಒಂದು ಗುಡ್ಡೆ, ಹಳದಿ ಒಂದು ಗುಡ್ಡೆ.

ಗಾಬರಿಗೆ ಬುದ್ಧಿ ಇರುವುದಿಲ್ಲ.
ನೀರು ಹಾಕಿದೆ. ಸಾಲದೆಂದು ಮತ್ತೆ ಹಾಕಿದೆ.
ಕಿಟಕಿಯಿಂದ ಹೀಟರಿನ ಬಳಿಗೆ, ಅಲ್ಲಿಂದ ಅಡುಗೆಮನೆಗೆ,
ವಿಳಾಸ ತಪ್ಪಿದ ಪಾರ್ಸೆಲ್ಲಿನಂತೆ ತಿರುಗಿಸಿದೆ.
ಇಟ್ಟಲ್ಲೆಲ್ಲ ಒಂದು ಬೊಗಸೆ ಎಲೆ.
ಗೊಬ್ಬರದ ಬಾಟಲಿಗೆ ಕೈ ಹಾಕಿದಾಗ
ಕೆಳಮನೆಯ ಐಲಿ ಗದರಿದಳು:
"ಜ್ವರದಲ್ಲಿ ಮಲಗಿದವರಿಗೆ ಹಬ್ಬದೂಟ ಬಡಿಸುತ್ತಾರೇನೇ?"

ಅವಳೇ ಕುಂಡ ಮಗುಚಿದಳು. ಗಬ್ಬು ವಾಸನೆ.
ಕಪ್ಪಾದ ಬೇರು ಬೆರಳಲ್ಲೇ ಕಳಚಿ ಬಂತು, ನೆನೆದ ಹುರಿಯ ಹಾಗೆ.
ಕತ್ತರಿಸಿದೆವು. ಹೊಸ ಮಣ್ಣು, ಚಿಕ್ಕ ಕುಂಡ.
ಆಮೇಲೆ ಹೆಬ್ಬೆರಳಿನ ಉಗುರಿನಿಂದ ತೊಗಟೆ ಗೀರಿ
"ನೋಡು" ಎಂದಳು.
ಅಕ್ಕಿಕಾಳಿನಷ್ಟು ಹಸಿರು. ಒಂದು ತೊಟ್ಟು ಹಾಲು.

"ದಕ್ಷಿಣದ ಕಿಟಕಿ. ಇನ್ನು ಅಲುಗಿಸಬೇಡ.
ಎರಡು ಗೆಣ್ಣು ಬೆರಳಿಳಿಸಿ, ಒಣಗಿದ್ದರೆ ಮಾತ್ರ ನೀರು.
ಉಳಿದದ್ದು ಸುಮ್ಮನಿರುವುದು.
ನಿನ್ನಿಂದಾಗದ್ದು ಅದೊಂದೇ, ಗೊತ್ತು."

ಆಗಲಿಲ್ಲ, ನಿಜ. ಮೂವತ್ತೊಂದು ವರ್ಷ
ಬಂದದ್ದನ್ನು ಸಂಜೆಯೊಳಗೆ ದಾಟಿಸಿದ ಕೈಗಳಿವು.
ಡಿಸೆಂಬರ್ ಪೂರ್ತಿ ಅವುಗಳ ಮೇಲೇ ಕೂತೆ.
ಹಗಲೆಂದರೆ ಮೂರೂವರೆ ಗಂಟೆ;
ಬೋಳು ಕೊಂಬೆಯ ನೆರಳು ಗೋಡೆ ಮುಟ್ಟುವಷ್ಟರಲ್ಲಿ ಕತ್ತಲು.
ಮೊಮ್ಮಗಳು ಕೇಳಿದಳು: ಈ ಕಡ್ಡಿಗೆ ಯಾಕೆ ನೀರು?
ನನಗೂ ಉತ್ತರ ಗೊತ್ತಿರಲಿಲ್ಲ. ಬೆರಳಿಳಿಸಿ ನೋಡಿದೆ. ಇನ್ನೂ ಒದ್ದೆ.

ಫೆಬ್ರವರಿಯ ಒಂದು ಮಂಗಳವಾರ, ಕನ್ನಡಕ ಹುಡುಕುವಾಗ,
ಗೀರಿದ ಗಾಯಕ್ಕಿಂತ ಒಂದಂಗುಲ ಕೆಳಗೆ
ಬಿಗಿಯಾಗಿ ಸುತ್ತಿದ, ಅಂಟಿಸಿದ, ಸೂಜಿಯಂಥ ಮೊನೆ.
ಮೇಲೆ ಯಾರ ಹೆಸರೂ ಇರಲಿಲ್ಲ.
ಐಲಿಯನ್ನು ಕೂಗಲು ಬಾಗಿಲವರೆಗೆ ಹೋಗಿ ನಿಂತೆ.
ತೆರೆಯಲಿ, ಅದಕ್ಕೇ ತೋಚಿದಾಗ.

ನೆಲ ಮಾತ್ರ ಗುಡಿಸಿದೆ. ಸೋಫಾದಡಿಯಿಂದ
ಧೂಳು ಮೆತ್ತಿದ ಎಲೆಯೊಂದು ಬಂತು,
ಹಸಿರೋ ಹಳದಿಯೋ, ಈಗ ಹೇಳಲಾಗದ್ದು.
ಯಾವ ಗುಡ್ಡೆಗೆಂದು ತಿಳಿಯದೆ
ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ.