ಅಚ್ಚಿನ ಮೊಳೆ

ಶ್ರೀರಾಮಪುರದ ಹಿಟ್ಟಿನ ಗಿರಣಿಯ ಮೇಲೆ ನಮ್ಮ ಕೋಣೆ.
ಭಾನುವಾರ ಗಿರಣಿಗೆ ರಜೆ, ನಮಗಿಲ್ಲ.
ಪುಸ್ತಕ ಬಿಡಿಸಿದರೆ ರಾಗಿ ಉದುರುತ್ತದೆ.

ಜಗಳ ಒಂದೇ, ಒಂಬತ್ತು ವರ್ಷದ್ದು.
ಮೊದಲ ಮುದ್ರಣದ ಕಡೆಯ ಸಾಲು:
ಕೊನೆಗೂ ಅವಳು ಕೇಳಲಿಲ್ಲ.
ಎರಡನೆಯದರಲ್ಲಿ:
ಕೊನೆಗೂ ಅವಳು ಹೇಳಲಿಲ್ಲ.
ಬರೆದವರು ಎರಡರ ನಡುವೆ ತೀರಿಕೊಂಡರು,
ಹಸ್ತಪ್ರತಿಯನ್ನು ಗೆದ್ದಲು ಓದಿ ಮುಗಿಸಿತು.

ಮುಬೀನಾ 'ಕೇ' ಪಕ್ಷ.
ಮುನ್ನೂರ ಹನ್ನೆರಡು ಪುಟ
ಗಂಡನ ಬೂಟಿನ ಕೆಸರು ಒರೆಸಿದವಳು
ಎಲ್ಲಿದ್ದೆ ಅಂತ ಕೇಳದೆ ಉಳಿದದ್ದೇ ಗೆಲುವು, ಅನ್ನುತ್ತಾಳೆ.
ನಿವೃತ್ತ ಕಂಡಕ್ಟರ್ ಚನ್ನವೀರಯ್ಯ 'ಹೇ':
ಹೇಳೋಕೆ ಅವಳ ಹತ್ತಿರವೂ ಇತ್ತು ಕಣಮ್ಮ,
ನಲವತ್ತೊಂದನೇ ಪುಟದ ಒದ್ದೆ ಕೊಡೆ ಯಾರದ್ದು?
ಚಿಲ್ಲರೆ ಕೊಡದವನನ್ನು ನೋಡುವ ಹಾಗೆ
ಅವಳನ್ನು ನೋಡುತ್ತಾರೆ.

ನಾನು ಯಾವ ಪಕ್ಷವೂ ಅಲ್ಲ, ಪ್ರತಿ ಕೂಡಿಹಾಕುವವನು.
ಅವೆನ್ಯೂ ರಸ್ತೆಯ ಗೈಡುಗಳ ರಾಶಿಯಡಿ ಒಂದು ಸಿಕ್ಕಿತು.
ಬಳೇಪೇಟೆಯ ರದ್ದಿ ಅಂಗಡಿಯಲ್ಲಿ ಇನ್ನೊಂದು,
ತಕ್ಕಡಿಯಿಂದಲೇ ಎಳೆದುಕೊಂಡೆ,
ಮುಳ್ಳು ಇನ್ನೂ ಅಲ್ಲಾಡುತ್ತಿತ್ತು.
ಮೊದಲನೆಯದು ಆರು, ಎರಡನೆಯದು ನಾಲ್ಕು.
ಒಂದೇ ಪುಸ್ತಕ ಹತ್ತು ಯಾಕೆ ಅಂತ
ಹೆಂಡತಿ ಈಗೀಗ ಕೇಳುವುದಿಲ್ಲ.
ನಾನೂ ಹೇಳಿಲ್ಲ.

ಹೋದ ತಿಂಗಳು ಪತ್ತೆಯಾದರು ಚಿಕ್ಕಪಾಪಯ್ಯ,
ಕಾಟನ್‌ಪೇಟೆಯ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿದವರು.
ಮೆಟ್ರೋ ಇಳಿದು, ಓಣಿ ವಿಚಾರಿಸಿಕೊಂಡು
ಮೂವರೂ ಹೋದೆವು,
ಅರ್ಧ ಕೆಜಿ ಬಾದುಷಾ, ಎರಡೂ ಪ್ರತಿ.

ವಯಸ್ಸು ತೊಂಬತ್ತರ ಹತ್ತಿರ.
ಪುಸ್ತಕ ತಲೆಕೆಳಗಾಗಿ ಹಿಡಿದರು.
ಮುಬೀನಾ ತಿರುಗಿಸಿಕೊಡಲು ಹೋದಳು.
ಇರಲಿ ಬಿಡಮ್ಮ, ನಾನು ಓದೋದು ಹಿಂಗೇನೆ.

ಹೆಬ್ಬೆರಳಿಂದ ಸಾಲು ಸವರಿದರು.
ಆ ಎರಡು ಗೂಡು ಯಾವಾಗಲೂ ಖಾಲಿ.
ನಿಮ್ಮ ಕಥೆಗಳಲ್ಲಿ ಯಾರೋ ಕೇಳ್ತಾನೇ ಇರ್ತಾರೆ,
ಯಾರೋ ಹೇಳ್ತಾನೇ ಇರ್ತಾರೆ.
ಕೆ ಮುಗಿದರೆ ಹೆ, ಹೆ ಮುಗಿದರೆ ಕೆ.
ದೀರ್ಘ ಮಾತ್ರ ಸರಿಯಾಗಿ ಹಾಕ್ತಿದ್ದೆ.

ಹೊರಗೆ ಗ್ಯಾಸ್ ಸಿಲಿಂಡರಿನ ಗಾಡಿ ನಿಂತಿತು, ಹೋಯಿತು.
ಬಾದುಷಾ ಮುರಿದು ಅರ್ಧ ಬಾಯಿಗಿಟ್ಟು ಕೇಳಿದರು:
ಕಡೇ ಫಾರಂ ಒಂದೇ ನನ್ನ ಪಾಲಿಗೆ ಬಂದಿದ್ದು.
ಯಾರು ಈ ಹೆಂಗಸು? ಶುರುವೇನು?

ಮೂವರೂ ಒಟ್ಟಿಗೆ ಬಾಯಿ ತೆರೆದೆವು.
ಮೊದಲ ಪುಟದಲ್ಲಿ ಅವಳು ಬಸ್ಸು ಇಳೀತಾಳೆ, ಅಂದೆ.
ಎಲ್ಲಿ ಇಳೀತಾಳೆ ಸ್ವಾಮಿ,
ಹತ್ತುತಾಳೆ,
ಅಂದರು ಚನ್ನವೀರಯ್ಯ.