ಗಾಜಿನಲ್ಲಿ ನೀರು ಕಾಣದಿದ್ದರೆ

ಎರಡನೇ ದರ್ಜೆ ಬಾಯ್ಲರ್ ಅಟೆಂಡೆಂಟ್ –
ಅರ್ಜಿಯಲ್ಲಿ ಹಾಗೆ.
ಶಿರ್ವದ ಗೇರುಬೀಜದ ಕಾರ್ಖಾನೆಯಲ್ಲಿ ನಾನು
ಬರೀ ಬೆಂಕಿಯ ದೂಮಪ್ಪ.
ಹೆಸರಲ್ಲೇ ಹೊಗೆ ಉಂಟಲ್ಲ ಮಾರಾಯ, ಎಂದು
ಹದಿನಾಲ್ಕು ವರ್ಷದಿಂದ ಅದೇ ತಮಾಷೆ.

ನಾಲ್ಕಕ್ಕೆ ಒಲೆ. ಸಿಪ್ಪೆ ತಳ್ಳಬೇಕು,
ಮುಳ್ಳು ಮೇಲೇರುವುದನ್ನು ಕಾಯಬೇಕು,
ಏಳಕ್ಕೆ ಹೆಂಗಸರು ಬರುವಷ್ಟರಲ್ಲಿ
ಬೀಜಕ್ಕೆ ಹಬೆ.
ಇದೆಲ್ಲ ಕೈಗೆ ಗೊತ್ತು.
ಬಾಯಿಗೆ ಗೊತ್ತಿಲ್ಲ.

ಸರ್ಟಿಫಿಕೇಟು ಇರುವುದು ಅಚ್ಯುತಣ್ಣನಿಗೆ,
ಮಾರ್ಚಿಗೆ ಅವರು ನಿವೃತ್ತಿ.
"ಕಾಗದ ಇಲ್ಲದವನಿಗೆ ಬಾಯ್ಲರ್ ಒಪ್ಪಿಸಿದರೆ
ನನ್ನನ್ನೇ ಒಳಗೆ ಹಾಕ್ತಾರೆ ದೂಮಪ್ಪ,"
ಎಂದರು ಧಣಿ. ಕೆಟ್ಟವರಲ್ಲ.
ನನ್ನ ಮುಖ ನೋಡದೆ ಹೇಳಿದರು.

ಕಳೆದ ಸಲ ಮಂಗಳೂರಿನಲ್ಲಿ
ಫ್ಯಾನಿನ ಕೆಳಗೆ ಮೂವರು ಕೂತಿದ್ದರು.
ನಡುವಿನವರು ಕೇಳಿದ್ದು ಇಷ್ಟೇ:
ಗೇಜ್ ಗ್ಲಾಸಿನಲ್ಲಿ ನೀರು ಕಾಣುತ್ತಿಲ್ಲ,
ಮೊದಲು ಏನು ಮಾಡುತ್ತೀ?
ಬೆವರು ಕಾಲರಿನೊಳಗೆ ಇಳಿಯಿತು,
ನಾಲಿಗೆ ಅಂಗುಳಕ್ಕೆ ಅಂಟಿತು,
"ನೀರು ಬಿಡ್ತೇನೆ ಸಾರ್" ಎಂದುಬಿಟ್ಟೆ.
ಅವರು ಪೆನ್ನಿನ ಮುಚ್ಚಳ ಹಾಕಿದರು.
ಟಕ್.

ಆ ಟಕ್ ಈಗ ರಾತ್ರಿ ಎರಡಕ್ಕೆ ಬರುತ್ತದೆ.
ಎದ್ದು ಕೂರುತ್ತೇನೆ. ಎದೆಯೊಳಗೆ
ಫೀಡ್ ಪಂಪು ಗಾಳಿ ಹಿಡಿದ ಹಾಗೆ
ಬರೀ ಸದ್ದು, ನೀರಿಲ್ಲ.
ದೀಪ ಹಾಕಿದರೆ ಮಗು ಏಳುತ್ತದೆಂದು
ಬಚ್ಚಲಿನಲ್ಲಿ ನಿಂತು ಓದುತ್ತೇನೆ,
ಅಚ್ಯುತಣ್ಣನ ನೋಟ್ಸು, ಎಣ್ಣೆ ಕಲೆಯ ಜೆರಾಕ್ಸು;
ಓದಿದ ಸಾಲನ್ನೇ ಓದುತ್ತೇನೆ, ಓದಿದ ಸಾಲನ್ನೇ.

ಎಲ್ಲರೂ ತಣ್ಣೀರು ತರುತ್ತಾರೆ.
ಧೈರ್ಯ ತಕೋ. ಏನಾಗ್ತದೆ ಹೆಚ್ಚೆಂದರೆ?
ಭಾವ ಹೇಳಿದ, ಪ್ರಾಣಾಯಾಮ ಮಾಡು.
ಮಾಡಿದೆ. ಉಸಿರು ಎಣಿಸುತ್ತ ಎಣಿಸುತ್ತ
ಎಷ್ಟು ಪೌಂಡು ಒತ್ತಡ ಎಂದು
ಲೆಕ್ಕ ಹಾಕುತ್ತ ಕೂತಿದ್ದೆ.

ಮೊನ್ನೆ ಮಧ್ಯಾಹ್ನ, ಗಂಜಿಯ ಹೊತ್ತಿಗೆ,
ಸಿಪ್ಪೆ ಸುಲಿಯುವ ಸೆವ್ರಿನ್ ಬಾಯಮ್ಮ ಕೇಳಿದರು:
ಆ ವರ್ಷ ಒಮ್ಮೆ ನೀನು ಬರೀ ಬನಿಯನ್ನಿನಲ್ಲಿ
ಅಂಗಳಕ್ಕೆ ಕೆಂಡ ಎಳೆದು ಎಳೆದು ಹಾಕಿದೆಯಲ್ಲ,
ನಾವೆಲ್ಲ ಗೇಟಿಗೆ ಓಡಿದೆವು. ಯಾಕೆ ಅದು?

ಗಾಜು ಖಾಲಿಯಾಗಿತ್ತು ಬಾಯಮ್ಮ, ಎಂದೆ.
ನೀರು ಎಲ್ಲಿಗೆ ಇಳಿದಿದೆಯೆಂದು ಗೊತ್ತಿಲ್ಲ.
ಕಾದ ಕೊಳವೆಗೆ ಆಗ ತಣ್ಣೀರು ಬಿಟ್ಟರೆ
ನಾನೂ ಇಲ್ಲ, ನೀವೂ ಇಲ್ಲ, ಈ ಮಾಡೂ ಇಲ್ಲ.
ಮೊದಲು ಬೆಂಕಿ ಎಳೀಬೇಕು.
ಆಮೇಲೆ ಸುಮ್ಮನೆ ಬಿಡಬೇಕು.
ತಾನಾಗಿ ತಣಿಯುವವರೆಗೆ
ಯಾವುದನ್ನೂ ಮುಟ್ಟಬಾರದು.

ಅವರು ಚೂರಿಯಿಂದ ಬೀಜ ತೆಗೆಯುತ್ತಲೇ,
ತಲೆ ಎತ್ತದೆ, "ಇದನ್ನೇ ಹೇಳು ಅಲ್ಲಿ," ಎಂದರು.
"ನನಗೆ ಹೇಳಿದ ಹಾಗೆ. ಭಿಯೆನಾಕಾ."
ಅಷ್ಟೊತ್ತಿಗೆ ಸೈರನ್ ಆಯಿತು.

ಅಂದು ರಾತ್ರಿ ಎರಡಕ್ಕೆ ಟಕ್ ಬಂತು. ಬಂದೇ ಬಂತು.
ನೋಟ್ಸಿಗೆ ಕೈ ಹಾಕಿದೆ, ಇರಲಿಲ್ಲ.
ಸುಗುಣ ಅಕ್ಕಿ ಡಬ್ಬಿಯೊಳಗೆ ಹುಗಿದಿದ್ದಳು.
"ಬೆಳಿಗ್ಗೆ ಕೊಡ್ತೇನೆ," ಮಗ್ಗುಲಾಗಿ ಅಂದಳು,
ಎಚ್ಚರದಲ್ಲಿಯೋ ನಿದ್ದೆಯಲ್ಲಿಯೋ.
ಕೋಪ ಬಂತು. ಆಮೇಲೆ ಹೊರಗೆ
ಬಾವಿಕಟ್ಟೆಯ ಮೇಲೆ ಸುಮ್ಮನೆ ಕೂತೆ.
ಏನನ್ನೂ ಮುಟ್ಟಲಿಲ್ಲ. ಸೊಳ್ಳೆ ಕಚ್ಚಿತು.
ಮೂರೂವರೆಗೆ ಸೈಕಲ್ ಹತ್ತಿದೆ.

ಇವತ್ತು ಮತ್ತೆ ಮಂಗಳೂರು.
ಕಟಪಾಡಿಯಲ್ಲಿ ಬಸ್ಸಿಗೆ ನಿಂತಿದ್ದೇನೆ,
ಇಸ್ತ್ರಿ ಅಂಗಿ, ಉಗುರಲ್ಲಿ ಗೇರೆಣ್ಣೆಯ ಕಪ್ಪು
ಎಷ್ಟು ಉಜ್ಜಿದರೂ ಹಾಗೇ.
ಎದೆ ಹೊಡೆಯುತ್ತಿದೆ. ಹೊಡೆಯಲಿ.
ಎಕ್ಸ್‌ಪ್ರೆಸ್ಸಿನ ಹುಡುಗ
ಬಾಗಿಲಲ್ಲಿ ಜೋತಾಡುತ್ತ ಕೂಗುತ್ತಿದ್ದಾನೆ,
ಸುರತ್ಕಲ್, ಸುರತ್ಕಲ್, ಮಂಗ್ಳೂರ್ ಮಂಗ್ಳೂರ್,
ಬೇಗ ಬೇಗ ಬೇಗ.

ಬರ್ತೇನೆ ಮಾರಾಯ,
ಬಲಗಾಲು ಇಟ್ಟೇ ಬರ್ತೇನೆ,
ಒಂದು ನಿಮಿಷ.